ಟರ್ಕಿ ಕೋಳಿ ಬೇಟೆ: 40 ಗಜಕ್ಕೆ ಚರೆ ಚೆದುರುತ್ತಿದೆ. ಚೋಕ್ ಬದಲಿಸಲಾ, ತೋಟಾ ಬದಲಿಸಲಾ?

ಓಝಾರ್ಕ್ ಅಲೆಮಾರಿ
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಸೌರಿಯಲ್ಲಿ. ಟರ್ಕಿ ಬೇಟೆಗೆ ಇಳಿದು ಎರಡು ವರ್ಷ ಆಯಿತು, ಇನ್ನೂ ಒಂದು ಹಕ್ಕಿಯೂ ಮನೆಗೆ ಬಂದಿಲ್ಲ.

ಹೋದ ಏಪ್ರಿಲ್‌ನಲ್ಲಿ ಒಂದು ದೊಡ್ಡ ಗಂಡು ನನ್ನ ಕರೆಗೆ ಓಗೊಡುತ್ತಾ ಓಗೊಡುತ್ತಾ ಬಂತು. ಸುಮಾರು 40 ಗಜ. ತಲೆಗೆ ಗುರಿ ಇಟ್ಟು ಈಡು ಹೊಡೆದೆ. ಎರಡು ಗರಿ ಹಾರಿದವು, ಹಿಂದೆಯೇ ಹಕ್ಕಿಯೂ ಹಾರಿತು. ಎರಡು ಗಂಟೆ ಹುಡುಕಿದೆ. ಒಂದು ಹನಿ ರಕ್ತವೂ ಇಲ್ಲ.

ನನ್ನದು 12 ಬೋರಿನ ಪಂಪ್ ಕೋವಿ, 3 ಇಂಚಿನ ಚೇಂಬರ್, ಗುರಿ ಹಿಡಿಯಲು ತುದಿಯಲ್ಲಿ ಮಣಿ ಮಾತ್ರ. ಚೋಕ್ (ಚರೆ ಚೆದುರದಂತೆ ನಳಿಗೆಯ ಬಾಯಿ ಕಿರಿದು ಮಾಡುವ ಕೊಳವೆ) 0.665 ಇಂಚಿನದು, ಬದಿಯಲ್ಲಿ ತೂತುಗಳಿರುವಂಥದ್ದು. ಅಂಗಡಿಯವನು ಇದಕ್ಕಿಂತ ಬಿಗಿ ಇನ್ನೊಂದಿಲ್ಲ ಎಂದು ಹೇಳಿ ಕೊಟ್ಟ. ತೋಟಾ 5 ನಂಬರ್ ಸೀಸದ ಚರೆ, ಅಂದರೆ ಸಣ್ಣ ಗುಂಡುಗಳು, ಒಂದೂಮುಕ್ಕಾಲು ಔನ್ಸ್. ಎರಡೂ ದುಬಾರಿ ಮಾಲೇ. ಸೀಸನ್‌ಗೆ ಇನ್ನು ಆರು ವಾರ ಇದೆ. ಯಾವುದನ್ನು ಬದಲಿಸಲಿ?

ಪೆನ್ಸಿಲ್ವೇನಿಯಾ ಪಾಪಣ್ಣ
ಕಾಗದಕ್ಕೆ ಹೊಡೆದು ನೋಡಿದ್ದೀರಾ?

ಓಝಾರ್ಕ್ ಅಲೆಮಾರಿ
ಇಲ್ಲ ಸರ್. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಟರ್ಕಿ ಚಿತ್ರ ಇತ್ತು, ಸಾಕು ಅಂದುಕೊಂಡೆ.

ಪೆನ್ಸಿಲ್ವೇನಿಯಾ ಪಾಪಣ್ಣ
ಹಾಗಾದರೆ ನಿಮ್ಮ ಕೋವಿ ಎಲ್ಲಿಗೆ ಹೊಡೆಯುತ್ತದೆ ಅನ್ನುವುದು ಆ ಟರ್ಕಿಗೆ ಮಾತ್ರ ಗೊತ್ತು.

ಟೆಕ್ಸಾಸ್ ತಿಮ್ಮ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಗುರು. ಟಂಗ್‌ಸ್ಟನ್ ತೋಟಾ ತಗೊಳ್ಳಿ, ಟಿಎಸ್‌ಎಸ್ ಅಂದರೆ ಟಂಗ್‌ಸ್ಟನ್ ಸೂಪರ್ ಶಾಟ್. 9 ನಂಬರ್. ಕಥೆ ಮುಗೀತು. ನಾನು ಹೋದ ವರ್ಷ 58 ಗಜಕ್ಕೆ ಒಂದು ಕೆಡವಿದ್ದೇನೆ.

ಸೋಮವಾರಪೇಟೆ ಈಡುಗಾರ
ಪಾಪಣ್ಣನವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಅಜ್ಜನ ಕಾಲದ ಒಂದು ಮಾತು ಹೇಳುತ್ತೇನೆ. 1972ರ ವನ್ಯಜೀವಿ ಕಾಯಿದೆಗೂ ಮುಂಚೆ, ನಾನಿನ್ನೂ ಚಡ್ಡಿ ಹುಡುಗ. ಅಜ್ಜನ ಹತ್ತಿರ ಒಂದು ಜೋಡುನಳಿಗೆ ಕೋವಿ ಇತ್ತು. ಎಡ ನಳಿಗೆ ಪೂರ್ತಿ ಚೋಕ್, ಬಲ ನಳಿಗೆ ಸಡಿಲ. ಈಗಿನ ಹಾಗೆ ತಿರುಗಿಸಿ ಬಿಚ್ಚಿ ಬೇರೆ ಹಾಕುವ ಚೋಕ್ ಎಲ್ಲಿ ಬರಬೇಕು, ನಳಿಗೆ ಕೊರೆಯುವಾಗಲೇ ಕೊರೆದದ್ದು.

ಹೊಸ ತೋಟಾ ಪೆಟ್ಟಿಗೆ ಬಂತು ಅಂದರೆ ಅಜ್ಜ ಮೊದಲು ಒಂದು ಹಳೆಯ ದಿನಪತ್ರಿಕೆ ಬಿಡಿಸಿ, ಕಾಫಿ ಕಣದ ಆಚೆ ಇರುವ ಮಣ್ಣಿನ ದಿಣ್ಣೆಗೆ ಮುಳ್ಳು ಚುಚ್ಚಿ ನಿಲ್ಲಿಸುತ್ತಿದ್ದರು. ಹೆಜ್ಜೆ ಎಣಿಸಿ ಹಿಂದೆ ಬಂದು ಎಡ ನಳಿಗೆಯಿಂದ ಒಂದು, ಬಲದಿಂದ ಒಂದು. ತೂತು ಎಣಿಸುವ ಕೆಲಸ ನನ್ನದು. ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ಗೀಟು. ಎಣಿಕೆ ತಪ್ಪಿದರೆ ಬೈಗುಳ, ಸರಿಯಾದರೆ ಒಂದು ಕಿತ್ತಳೆ. ಒಮ್ಮೆ ಬಿಗಿ ನಳಿಗೆಗಿಂತ ಸಡಿಲ ನಳಿಗೆಯೇ ಚೆನ್ನಾಗಿ ಹೊಡೆಯಿತು. ಅಜ್ಜ ತೋಟಾ ಕೈಯಲ್ಲಿ ಹಿಡಿದು, "ಇದಕ್ಕೆ ಈ ನಳಿಗೆ ಹಿಡಿಸಲಿಲ್ಲ" ಅಂದರು. ಅಷ್ಟೇ ವಿಷಯ. ಕೋವಿ, ಚೋಕ್, ತೋಟಾ ಮೂರಕ್ಕೂ ಜಾತಕ ಕೂಡಿ ಬರಬೇಕು.

ಸುಮ್ನೆ ಓದೋನು
ಜಾತಕ ಕೂಡಿ ಬರಬೇಕು 😄 ನಳಿಗೆಗೆ ಕುಜದೋಷ ಇದ್ದರೆ ಏನು ಮಾಡುವುದು ಸರ್?

ಸೋಮವಾರಪೇಟೆ ಈಡುಗಾರ
ಕುಂಚ ಹಾಕಿ ತೊಳೆಯುವುದು. ಪ್ಲಾಸ್ಟಿಕ್ ಕಿಲುಬು ಕೂತಿರುತ್ತದೆ.

ಗಣಿತದ ಮೇಷ್ಟ್ರು
ಸ್ವಲ್ಪ ಲೆಕ್ಕ ಹಾಕೋಣ. 12 ಬೋರಿನ ನಳಿಗೆಯ ಒಳಗಲ ಸಾಮಾನ್ಯವಾಗಿ 0.729 ಇಂಚು. ಪೂರ್ತಿ ಚೋಕ್ ಅಂದರೆ ಬಾಯಿ ಸುಮಾರು 0.695, ಅಂದರೆ 34 ಸಾವಿರಾಂಶ ಕಿರಿದು. ನಿಮ್ಮದು 0.665. 64 ಸಾವಿರಾಂಶ ಹಿಸುಕುತ್ತಿದೆ, ಹತ್ತಿರ ಹತ್ತಿರ ಎರಡರಷ್ಟು.

ಸೀಸ ಮೆದು ಲೋಹ. ಒಂದು ಮಿತಿ ದಾಟಿ ಹಿಸುಕಿದರೆ ಚರೆಗಳು ಒಂದಕ್ಕೊಂದು ಒತ್ತಿ ಚಪ್ಪಟೆಯಾಗುತ್ತವೆ. ಚಪ್ಪಟೆ ಚರೆ ನೆಟ್ಟಗೆ ಹಾರುವುದಿಲ್ಲ, ಪಕ್ಕಕ್ಕೆ ಓಡುತ್ತದೆ. ಆಗ ನಡುವೆ ಬೋಳು, ಸುತ್ತ ಚೆಲ್ಲಾಪಿಲ್ಲಿ. ತಾಮ್ರದ ಲೇಪ ಇರುವ ಚರೆ, ಚರೆಗಳ ನಡುವೆ ಪುಡಿ ತುಂಬಿರುವ ತೋಟಾ ಸ್ವಲ್ಪ ತಡೆದುಕೊಳ್ಳುತ್ತವೆ, ಆದರೆ ಅದಕ್ಕೂ ಮಿತಿ ಇದೆ. ಹಾಗಾಗಿ ಬಿಗಿ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ಅಂಗಡಿ ಮಾತನ್ನು ನಂಬಬೇಡಿ.

ನಿಮ್ಮ ತೋಟಾದಲ್ಲಿ ಎಷ್ಟು ಚರೆ ಇರಬಹುದು? 5 ನಂಬರ್ ಸೀಸ ಔನ್ಸಿಗೆ 170. ಒಂದೂಮುಕ್ಕಾಲು ಔನ್ಸಿಗೆ ಸುಮಾರು 298. 40 ಗಜದಲ್ಲಿ 10 ಇಂಚಿನ ವೃತ್ತದೊಳಗೆ 100 ಬಿದ್ದರೆ ಒಳ್ಳೆಯ ಟರ್ಕಿ ಕೋವಿ ಎಂದು ಬೇಟೆಗಾರರು ಒಪ್ಪುತ್ತಾರೆ. ಅಂದರೆ ಊಟದ ತಟ್ಟೆಯಷ್ಟು ಜಾಗಕ್ಕೆ ಮೂರರಲ್ಲಿ ಒಂದು ಪಾಲು.

ಕೊಲಂಬಸ್ ಕಿಟ್ಟಿ
ಆದರೆ ಚೋಕ್ ಅಳೆಯುವುದು 30 ಇಂಚಿನ ವೃತ್ತದಲ್ಲಿ ಅಲ್ವಾ ಮೇಷ್ಟ್ರೇ? 40 ಗಜದಲ್ಲಿ ಪೂರ್ತಿ ಚೋಕ್‌ಗೆ 70 ಶೇಕಡಾ ಚರೆ ಅದರೊಳಗೆ ಬೀಳಬೇಕು ಎಂದು ಓದಿದ ನೆನಪು.

ಗಣಿತದ ಮೇಷ್ಟ್ರು
ಹೌದು, ಅದು ಹಾರುವ ಹಕ್ಕಿಗಳ ಕಾಲದಿಂದ ಬಂದ ಹಳೆಯ ಅಳತೆ. ಪೂರ್ತಿಗೆ 70, ಅದಕ್ಕಿಂತ ಸಡಿಲವಾದ ಮಾಡಿಫೈಡ್‌ಗೆ 60, ಇನ್ನೂ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್‌ಗೆ 50, ಚೋಕ್ ಇಲ್ಲದ ನಳಿಗೆಗೆ 40. ಬಾತುಕೋಳಿಗೆ ಅದು ಸರಿ. ಟರ್ಕಿ ನೆಲದ ಮೇಲೆ ನಿಂತಿರುತ್ತದೆ, ಹೊಡೆಯುವುದು ತಲೆ ಮತ್ತು ಕತ್ತಿಗೆ. ಮೈಗೆ ಹೊಡೆದರೆ ದಪ್ಪ ಗರಿ, ದಪ್ಪ ಎದೆ. ಹಕ್ಕಿ ಗಾಯಗೊಂಡು ಎಲ್ಲೋ ಹೋಗಿ ನರಳಿ ಸಾಯುತ್ತದೆ. ಅದಕ್ಕೇ ಇಲ್ಲಿ 10 ಇಂಚು.

ಬಾಕ್ಸ್‌ಕಾಲ್ ಭಾರತಿ
ಅಲೆಮಾರಿ, ತೋಟಾದ ವ್ಯಾಡ್ ಎಂಥದ್ದು ನೋಡಿ. ವ್ಯಾಡ್ ಅಂದರೆ ಒಳಗೆ ಚರೆ ಕೂತಿರುವ ಪ್ಲಾಸ್ಟಿಕ್ ಬಟ್ಟಲು. ಮಾಮೂಲಿಯದಕ್ಕೆ ಮುಂದುಗಡೆ ಸೀಳು ಇರುತ್ತದೆ, ನಳಿಗೆ ದಾಟಿದ ಕೂಡಲೇ ಹೂವಿನ ಹಾಗೆ ಅರಳಿ ಹಿಂದೆ ಬೀಳುತ್ತದೆ. ಇನ್ನೊಂದು ಜಾತಿ ಇದೆ. ಅದಕ್ಕೆ ಹಿಂದುಗಡೆ ರೆಕ್ಕೆ. ಚರೆಯನ್ನು ತಬ್ಬಿಕೊಂಡೇ ಸ್ವಲ್ಪ ದೂರ ಹೋಗಿ, ಆಮೇಲೆ ಬ್ರೇಕ್ ಹಾಕಿದ ಹಾಗೆ ಹಿಂದೆ ಉಳಿಯುತ್ತದೆ. ಈ ಎರಡನೇ ಜಾತಿಯಲ್ಲಿ ಹಲವಕ್ಕೆ ತೂತಿನ ಚೋಕ್, ವಿಪರೀತ ಬಿಗಿ ಚೋಕ್ ಎರಡೂ ಆಗಿಬರುವುದಿಲ್ಲ. ತೂತಿನ ಅಂಚು ಪ್ಲಾಸ್ಟಿಕ್ಕನ್ನು ಕೆರೆಯುತ್ತದೆ, ವ್ಯಾಡ್ ಹೊತ್ತಿಗೆ ಮುಂಚೆ ಬಿಚ್ಚಿಕೊಳ್ಳುತ್ತದೆ.

ಓಝಾರ್ಕ್ ಅಲೆಮಾರಿ
ಅಯ್ಯೋ. ಒಂದು ತೋಟಾ ಕುಯ್ದು ನೋಡಿದೆ ಅಕ್ಕ. ಹಿಂದುಗಡೆ ರೆಕ್ಕೆ ಇದೆ.

ಪೆನ್ಸಿಲ್ವೇನಿಯಾ ಪಾಪಣ್ಣ
ತೋಟಾ ಕುಯ್ಯುವ ಕೆಲಸ ಇನ್ನೊಮ್ಮೆ ಮಾಡಬೇಡಿ ಮಾರಾಯರೇ. ಕಂಪನಿಯ ಜಾಲತಾಣದಲ್ಲಿ ಚಿತ್ರ ಇರುತ್ತದೆ.

ಟೆಕ್ಸಾಸ್ ತಿಮ್ಮ
ನಾನು ಹೇಳಿದ್ದು ಯಾರೂ ಕೇಳುತ್ತಿಲ್ಲ. ಟಂಗ್‌ಸ್ಟನ್!

ಗಣಿತದ ಮೇಷ್ಟ್ರು
ತಿಮ್ಮ ಹೇಳುವುದರಲ್ಲಿ ಅರ್ಧ ಸರಿ ಇದೆ. ಸೀಸದ ಸಾಂದ್ರತೆ 11ರ ಆಸುಪಾಸು, ಉಕ್ಕು 7.8, ಬಿಸ್ಮತ್ 9.6. ಟಿಎಸ್‌ಎಸ್ ಸುಮಾರು 18. ಭಾರ ಇರುವುದರಿಂದ ಚಿಕ್ಕ ಚರೆಯೂ ಆಳಕ್ಕೆ ಇಳಿಯುತ್ತದೆ. 9 ನಂಬರ್ ಚರೆ 0.08 ಇಂಚು ಮಾತ್ರ, ಔನ್ಸಿಗೆ 360ರ ಹತ್ತಿರ ಹಿಡಿಸುತ್ತದೆ. 5 ನಂಬರ್ ಸೀಸದ ಎರಡರಷ್ಟು. ಗಟ್ಟಿ ಲೋಹ, ಚೋಕ್‌ನಲ್ಲಿ ಚಪ್ಪಟೆ ಆಗುವುದೇ ಇಲ್ಲ. ಅದಕ್ಕೇ ಪ್ಯಾಟರ್ನ್, ಅಂದರೆ ಕಾಗದದ ಮೇಲೆ ಚರೆ ಬೀಳುವ ಹರವು, ಅಷ್ಟು ದಟ್ಟ.

ನಂಬರಿನಿಂದ ದಪ್ಪ ತಿಳಿಯಲು ಒಂದು ಸುಲಭ ಸೂತ್ರ ಇದೆ. 17ರಲ್ಲಿ ಚರೆ ನಂಬರ್ ಕಳೆಯಿರಿ, ಬಂದದ್ದು ಇಂಚಿನ ನೂರರ ಪಾಲು. 5 ನಂಬರ್‌ಗೆ 12, ಅಂದರೆ 0.12 ಇಂಚು.

ಸೋಮವಾರಪೇಟೆ ಈಡುಗಾರ
ಮೇಷ್ಟ್ರ ಸೂತ್ರ ಅಮೆರಿಕದ ನಂಬರಿಗೆ ಮಾತ್ರ. ಊರಿನ ತೋಟಾದ ಮೇಲೆ ಇರುವುದು ಬ್ರಿಟಿಷರ ನಂಬರು. ಅಲ್ಲಿನ 4 ಇಲ್ಲಿನ 5, ಅಲ್ಲಿನ 5 ಇಲ್ಲಿನ 6. ನಾನು ಬಂದ ಹೊಸತರಲ್ಲಿ ಗೊತ್ತಿಲ್ಲದೆ ದೊಡ್ಡ ಚರೆ ತಂದುಬಿಟ್ಟಿದ್ದೆ.

ಕೊಲಂಬಸ್ ಕಿಟ್ಟಿ
ದೊಡ್ಡದು ತಂದರೆ ಕಾನೂನಿನ ತೊಂದರೆಯೂ ಇದೆ. ಮಿಸೌರಿಯಲ್ಲಿ ಟರ್ಕಿಗೆ 4 ನಂಬರ್‌ಗಿಂತ ದಪ್ಪ ಚರೆ ಹಾಕುವಂತಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕ್ಯಾಲಿಫೋರ್ನಿಯಾದವರಂತೂ 2019ರಿಂದ ಬೇಟೆಗೆ ಸೀಸವನ್ನೇ ಬಳಸುವಂತಿಲ್ಲ.

ಪೆನ್ಸಿಲ್ವೇನಿಯಾ ಪಾಪಣ್ಣ
ತಿಮ್ಮನವರೇ, ಟಂಗ್‌ಸ್ಟನ್ ತೋಟಾ ಒಂದಕ್ಕೆ ಹತ್ತು ಡಾಲರ್ ಮೇಲೆ. ಪರೀಕ್ಷೆಗೆ ಹತ್ತು ಈಡು ಹೊಡೆದರೆ ನೂರು ಡಾಲರ್ ಮಣ್ಣಿನ ದಿಣ್ಣೆಗೆ ಹೋಯಿತು. ಅದಕ್ಕೇ ಜನ ಪರೀಕ್ಷೆ ಮಾಡದೆ ಕಾಡಿಗೆ ಹೋಗುತ್ತಾರೆ. ಮತ್ತೆ ಆ 58 ಗಜದ ಕಥೆ. ನೀವು ರೇಂಜ್‌ಫೈಂಡರ್‌ನಲ್ಲಿ ಅಳೆದಿರೋ, ಆಮೇಲೆ ಹೆಜ್ಜೆ ಎಣಿಸಿದಿರೋ?

ಟೆಕ್ಸಾಸ್ ತಿಮ್ಮ
ಹೆಜ್ಜೆ.

ಪೆನ್ಸಿಲ್ವೇನಿಯಾ ಪಾಪಣ್ಣ
ಹಕ್ಕಿ ಬಿದ್ದ ಖುಷಿಯಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ.

ಟೆಕ್ಸಾಸ್ ತಿಮ್ಮ
ನಿಮಗೆ ಹೊಟ್ಟೆಕಿಚ್ಚು ಅಷ್ಟೇ.

ಬಾಕ್ಸ್‌ಕಾಲ್ ಭಾರತಿ
ಜಗಳ ಬೇಡ. ಟಂಗ್‌ಸ್ಟನ್‌ನ ನಿಜವಾದ ಲಾಭ ದೂರ ಅಲ್ಲ ಅನ್ನುತ್ತೇನೆ ನಾನು, ಚಿಕ್ಕ ಕೋವಿ. ನನ್ನ ಮಗಳಿಗೆ 12 ವರ್ಷ. 12 ಬೋರಿನ ಒದೆ ಅವಳ ಭುಜಕ್ಕೆ ಆಗುವುದಿಲ್ಲ. ಅವಳಿಗೆ .410 ಕೊಟ್ಟಿದ್ದೇನೆ. ಅದರ 3 ಇಂಚಿನ ತೋಟಾದಲ್ಲಿ 13/16 ಔನ್ಸ್ 9 ನಂಬರ್ ಟಂಗ್‌ಸ್ಟನ್. ಮೇಷ್ಟ್ರೇ, ಎಷ್ಟು ಚರೆ ಆಯಿತು ಹೇಳಿ?

ಗಣಿತದ ಮೇಷ್ಟ್ರು
ಸುಮಾರು 292. ಅಲೆಮಾರಿಯ ದೊಡ್ಡ 12 ಬೋರಿನಷ್ಟೇ! ನಾನೂ ಇದನ್ನು ಹಾಕಿ ನೋಡಿರಲಿಲ್ಲ.

ಬಾಕ್ಸ್‌ಕಾಲ್ ಭಾರತಿ
ಅದೇ ನಾನು ಹೇಳಿದ್ದು. ಒದೆ ಇಲ್ಲದ್ದರಿಂದ ಕಣ್ಣು ಮುಚ್ಚುವುದಿಲ್ಲ, ಟ್ರಿಗರ್ ಜಗ್ಗುವುದಿಲ್ಲ. ನನ್ನ ಗಂಡನ ಮೂರೂವರೆ ಇಂಚಿನ ತೋಟಾಗಿಂತ ಅವಳ ಗುರಿ ಚೆನ್ನಾಗಿದೆ. ಅವರಿಗೆ ಹೇಳಬೇಡಿ.

ಹಿಟ್ಟಿನ ಮುದ್ದೆ
ಒಂದು ಮಾತು ಕೇಳಲಾ? ಅಂಗಡಿಯಲ್ಲಿ ಇಡೀ ಟರ್ಕಿ ಸಿಗುತ್ತದೆ. ಈ ಪಾಪದ ಹಕ್ಕಿಯನ್ನು ಕಾಡಿಗೆ ಹೋಗಿ ಯಾಕೆ ಕೊಲ್ಲಬೇಕು? ಊರಲ್ಲಿ ನವಿಲಿಗೆ ಕಲ್ಲು ಹೊಡೆದರೂ ನಾವು ಬೈಯುತ್ತಿದ್ದೆವು.

ಕೊಲಂಬಸ್ ಕಿಟ್ಟಿ
ಕೇಳುವ ಹಾಗಿರುವ ಪ್ರಶ್ನೆಯೇ. ಹೋದ ಶತಮಾನದ ಮೊದಲ ಭಾಗದಲ್ಲಿ ಮಿತಿ ಇಲ್ಲದ ಬೇಟೆ, ಕಾಡು ಕಡಿಯುವುದು ಎರಡೂ ಸೇರಿ ಈ ಹಕ್ಕಿ ಬಹುತೇಕ ರಾಜ್ಯಗಳಲ್ಲಿ ಕಾಣೆಯಾಗುತ್ತಾ ಬಂದಿತ್ತು. ಆಮೇಲೆ ಕಾಡಿನಿಂದಲೇ ಬಲೆ ಹಾಕಿ ಹಿಡಿದು, ಇಲ್ಲದ ಕಡೆಗೆ ಲಾರಿಯಲ್ಲಿ ಒಯ್ದು ಬಿಟ್ಟರು. ಮಿಸೌರಿಯಿಂದಲೂ ಬೇರೆ ರಾಜ್ಯಗಳಿಗೆ ಹಕ್ಕಿ ಹೋಗಿವೆ. ಅದರ ಹಣದಲ್ಲಿ ದೊಡ್ಡ ಪಾಲು ಬಂದದ್ದು ಬೇಟೆ ಲೈಸೆನ್ಸ್‌ನಿಂದ, ಜೊತೆಗೆ ಕೋವಿ ಮತ್ತು ತೋಟಾ ಮೇಲಿನ ತೆರಿಗೆಯಿಂದ. ಆ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟ ಕಾನೂನು 1937ರದ್ದು. ವಸಂತದಲ್ಲಿ ಗಡ್ಡ ಇರುವ ಹಕ್ಕಿಯನ್ನು ಮಾತ್ರ ಹೊಡೆಯಬೇಕು, ಅಂದರೆ ಹೆಚ್ಚುಕಮ್ಮಿ ಗಂಡನ್ನೇ. ಗಡ್ಡ ಇಲ್ಲದ ಹೆಣ್ಣನ್ನು ಮುಟ್ಟುವ ಹಾಗಿಲ್ಲ.

ಹಿಟ್ಟಿನ ಮುದ್ದೆ
ಗಡ್ಡವಾ? ಹಕ್ಕಿಗಾ?

ಬಾಕ್ಸ್‌ಕಾಲ್ ಭಾರತಿ
ಎದೆಯಿಂದ ಜೋತುಬಿದ್ದ ಕುದುರೆ ಬಾಲದಂಥ ಕೂದಲು. ಅಪರೂಪಕ್ಕೆ ಹೆಣ್ಣಿಗೂ ಇರುತ್ತದೆ.

ಹಿಟ್ಟಿನ ಮುದ್ದೆ
ಸರಿ. ನಾನಂತೂ ಕೊಲ್ಲುವುದಿಲ್ಲ. ಆದರೆ ಓದುತ್ತಾ ಇರುತ್ತೇನೆ, ಚೆನ್ನಾಗಿದೆ.

ಡಲ್ಲಾಸ್ ಡೊಣ್ಣೆಮೆಣಸು
ವಿಷಯ ಬೇರೆ, ಕ್ಷಮಿಸಿ. ನಾನು ಎಚ್‌1ಬಿ ವೀಸಾದಲ್ಲಿದ್ದೇನೆ. ಸ್ನೇಹಿತರು ಕರೆಯುತ್ತಿದ್ದಾರೆ. ನಾನು ಕೋವಿ ಮುಟ್ಟಬಹುದಾ?

ಕೊಲಂಬಸ್ ಕಿಟ್ಟಿ
ಫೆಡರಲ್ ಕಾನೂನಿನಲ್ಲಿ ವಲಸೆಯೇತರ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಆದರೆ ವಿನಾಯಿತಿಗಳಿವೆ. ಅದರಲ್ಲಿ ಒಂದು, ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಚಾಲ್ತಿಯಲ್ಲಿರುವ ಅನ್ನುವ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಅವಧಿ ಮುಗಿದ ಲೈಸೆನ್ಸ್ ಜೇಬಲ್ಲಿದ್ದರೆ ಪ್ರಯೋಜನ ಇಲ್ಲ. ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮಾಡಿ, ಲೈಸೆನ್ಸ್ ತೆಗೆದುಕೊಳ್ಳಿ, ಒಬ್ಬ ವಲಸೆ ವಕೀಲರನ್ನು ಕೇಳಿ, ಆಮೇಲೆ ಮುಟ್ಟಿ. ಗ್ರೀನ್ ಕಾರ್ಡ್ ಹಾದಿಯಲ್ಲಿ ಇಂಥ ತಪ್ಪು ದುಬಾರಿ.

ಡಲ್ಲಾಸ್ ಡೊಣ್ಣೆಮೆಣಸು
ಧನ್ಯವಾದ ಅಣ್ಣ. ಕೋರ್ಸ್‌ಗೆ ಇವತ್ತೇ ಸೇರುತ್ತೇನೆ.

ಓಝಾರ್ಕ್ ಅಲೆಮಾರಿ
ಶನಿವಾರ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿದ್ದೆ. 3 ಅಡಿ ಅಗಲದ ಕಂದು ಕಾಗದ, ನಡುವೆ ಒಂದು ಕಪ್ಪು ಚುಕ್ಕಿ, 40 ಗಜ ಟೇಪ್ ಹಿಡಿದು ಅಳೆದೆ. ಹಳೆಯ ಚೋಕ್, ಹಳೆಯ ತೋಟಾ, ಒಂದು ಈಡು.

ನೋಡಿ ನಾಚಿಕೆ ಆಯಿತು. ಚುಕ್ಕಿಯ ಸುತ್ತ 10 ಇಂಚಿನಲ್ಲಿ 23 ತೂತು. ಕಾಗದದ ಮೇಲ್ತುದಿಯಲ್ಲಿ, ಬಲಕ್ಕೆ, ಸಾಲುಸಾಲು. ಈ ಚೋಕ್ ಎಸೆಯುತ್ತೇನೆ.

ಬಾಕ್ಸ್‌ಕಾಲ್ ಭಾರತಿ
ತಡೆಯಿರಿ. ಎರಡು ತೊಂದರೆಯನ್ನು ಕಲಸಿಬಿಟ್ಟಿದ್ದೀರಿ. ಮೊದಲು ಚುಕ್ಕಿ ಮರೆತುಬಿಡಿ. ತೂತು ಎಲ್ಲಿ ದಟ್ಟವಾಗಿದೆಯೋ ಅಲ್ಲಿ 10 ಇಂಚಿನ ವೃತ್ತ ಬರೆದು ಎಣಿಸಿ. ಅದು ಪ್ಯಾಟರ್ನ್. ಆಮೇಲೆ ಆ ವೃತ್ತದ ನಡುವಿಗೂ ಚುಕ್ಕಿಗೂ ಎಷ್ಟು ದೂರ ಅಳೆಯಿರಿ. ಅದು ಗುರಿಯ ತಪ್ಪು.

ಓಝಾರ್ಕ್ ಅಲೆಮಾರಿ
ಎಣಿಸಿದೆ. ದಟ್ಟ ಜಾಗದಲ್ಲಿ 61. ಅದರ ನಡು ಚುಕ್ಕಿಯಿಂದ 8 ಇಂಚು ಮೇಲೆ, 3 ಇಂಚು ಬಲಕ್ಕೆ. ಅಂದರೆ ಪ್ಯಾಟರ್ನೂ ಸರಿ ಇಲ್ಲ, ಗುರಿಯೂ ಸರಿ ಇಲ್ಲ!

ಸೋಮವಾರಪೇಟೆ ಈಡುಗಾರ
8 ಇಂಚು ಮೇಲೆ ಅಂದರೆ ನೀವು ಕೆನ್ನೆ ಎತ್ತುತ್ತಿದ್ದೀರಿ. ಮಣಿ ಮಾತ್ರ ಇರುವ ಕೋವಿಯಲ್ಲಿ ನಿಮ್ಮ ಕಣ್ಣೇ ಹಿಂದಿನ ಗುರಿಕಾಯಿ. ಕೆನ್ನೆ ಮರದ ಹಿಡಿಗೆ ಒತ್ತಿಕೊಂಡಿರಬೇಕು. ಟರ್ಕಿ ಬಂದಾಗ ಎಲ್ಲರೂ ಇಣುಕಿ ನೋಡಲು ತಲೆ ಎತ್ತುತ್ತಾರೆ, ಕಣ್ಣು ಎಷ್ಟು ಮೇಲೆ ಹೋಯಿತೋ ಈಡೂ ಮೇಲೆ ಹೋಗುತ್ತದೆ.

ನಮ್ಮೂರಲ್ಲಿ ಈಗ ಬೇಟೆ ಇಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆಯ ಹಬ್ಬ) ಬಂದಾಗ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿಯೂ ಹುಡುಗರು ಸೋಲುವುದು ಇದರಲ್ಲೇ, ಕಾಯಿ ಬಿತ್ತಾ ಎಂದು ಹೊಡೆಯುವ ಮುಂಚೆಯೇ ನೋಡಲು ಹೋಗುತ್ತಾರೆ.

ಪೆನ್ಸಿಲ್ವೇನಿಯಾ ಪಾಪಣ್ಣ
ಸಣ್ಣ ಕೆಂಪು ಚುಕ್ಕಿಯ ಗುರಿಕಾಯಿ ಹಾಕಿಸಿ, ಅರ್ಧ ರೋಗ ಹೋಗುತ್ತದೆ. ಚೋಕ್ ಬದಲಿಸಿದಾಗ ಈಡು ಬೀಳುವ ಜಾಗವೂ ಬದಲಾಗುತ್ತದೆ. ಮಣಿಯನ್ನು ಸರಿಸಲು ಬರುವುದಿಲ್ಲ, ಚುಕ್ಕಿಯನ್ನು ಸರಿಸಬಹುದು. ಮೊದಲು ಅಗ್ಗದ ಅಭ್ಯಾಸದ ತೋಟಾದಲ್ಲಿ ಹತ್ತಿರದಿಂದ ಹೊಡೆದು ಅಂದಾಜಿಗೆ ಕೂರಿಸಿಕೊಳ್ಳಿ. ಕೊನೆಯ ಎರಡು ಮೂರು ಈಡಿಗೆ ಮಾತ್ರ ದುಬಾರಿ ತೋಟಾ. ಕೋವಿಯನ್ನು ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿ. ಒಂದೇ ಈಡು ನೋಡಿ ತೀರ್ಮಾನ ಮಾಡಬೇಡಿ. ಒಂದೇ ಪೆಟ್ಟಿಗೆಯ ಎರಡು ತೋಟಾ ಒಂದೇ ಥರ ಹೊಡೆಯುವುದಿಲ್ಲ. ಒಂದು ಜೋಡಿಗೆ ಮೂರು ಕಾಗದವಾದರೂ ಬೇಕು.

ಕೋವಿ ಜೊತೆ ಬಂದ ಮಾಮೂಲಿ ಪೂರ್ತಿ ಚೋಕ್ ಇದೆಯಲ್ಲ, ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ಅದನ್ನೂ ಹಾಕಿ ನೋಡಿ. ಖರ್ಚಿಲ್ಲ.

ಬಾಕ್ಸ್‌ಕಾಲ್ ಭಾರತಿ
ಚೋಕ್ ಬಿಚ್ಚುವ ಮುಂಚೆ ಕೋವಿ ಖಾಲಿ ಮಾಡಿ, ಬೋಲ್ಟ್ ತೆರೆದಿಡಿ. ಬಾಯಿಯ ಹತ್ತಿರ ಕೈ ಹೋಗುವ ಕೆಲಸ ಅದು. ಚೋಕ್‌ನ ಥ್ರೆಡ್‌ಗೆ (ತಿರುಪಿನ ಗೆರೆಗಳಿಗೆ) ಚೂರು ಗ್ರೀಸ್ ಹಚ್ಚಿ. ಹೊರಗಿನ ಚೋಕ್ ಕೊಳ್ಳುವುದಾದರೆ ಥ್ರೆಡ್ ನಿಮ್ಮ ಕೋವಿಯದ್ದೇ ಇರಬೇಕು, ಎಲ್ಲವೂ ಎಲ್ಲಕ್ಕೂ ಕೂರುವುದಿಲ್ಲ. ಸೀಸಕ್ಕೆ ಮಾಡಿದ ಬಿಗಿ ಚೋಕ್‌ನಲ್ಲಿ ಉಕ್ಕಿನ ಚರೆ ಹಾಕಲೇಬೇಡಿ, ನಳಿಗೆ ಉಬ್ಬಿಬಿಡುತ್ತದೆ.

ಟೆಕ್ಸಾಸ್ ತಿಮ್ಮ
ಎಲ್ಲರೂ ನಳಿಗೆ 0.729 ಎಂದು ಹೇಳುತ್ತಿದ್ದೀರಿ. ನನ್ನದು ಮಾಸ್‌ಬರ್ಗ್ 835. ಅದರ ನಳಿಗೆ 0.775. ಅಲ್ಲಿ 0.695 ಕೂಡ 80 ಸಾವಿರಾಂಶ ಬಿಗಿ. ಹಾಗಾಗಿ ಚೋಕ್ ಮೇಲೆ ಬರೆದ ನಂಬರ್ ಒಂದನ್ನೇ ನೋಡಿ ಬಿಗಿಯೋ ಸಡಿಲವೋ ಹೇಳಲು ಬರುವುದಿಲ್ಲ.

ಗಣಿತದ ಮೇಷ್ಟ್ರು
ಭೇಷ್ ತಿಮ್ಮ. ಇದು ನಾನು ಹೇಳಬೇಕಿತ್ತು, ಬಿಟ್ಟುಬಿಟ್ಟೆ.

ಟೆಕ್ಸಾಸ್ ತಿಮ್ಮ
ಯಾರಾದರೂ ಇದನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಮೇಷ್ಟ್ರು ನನಗೆ ಭೇಷ್ ಅಂದಿದ್ದಾರೆ.

ಓಝಾರ್ಕ್ ಅಲೆಮಾರಿ
ಎರಡನೇ ವರದಿ. ಡ್ರಾಯರ್‌ನಲ್ಲಿ ಮಾಮೂಲಿ ಪೂರ್ತಿ ಚೋಕ್ ಸಿಕ್ಕಿತು, ತೂತು ಇಲ್ಲದ್ದು. ನಳಿಗೆ ತೊಳೆದೆ. ಪ್ಲಾಸ್ಟಿಕ್ ಕಪ್ಪು ಎಳೆಎಳೆಯಾಗಿ ಬಂತು, ಈಡುಗಾರರು ಹೇಳಿದ ಕುಜದೋಷ ಅದೇ ಇರಬೇಕು. ಕೆಂಪು ಚುಕ್ಕಿ ಹಾಕಿಸಿದೆ. ಅದೇ ತೋಟಾ. 40 ಗಜದಲ್ಲಿ ಮೂರು ಕಾಗದ: 94, 101, 97. ಎಲ್ಲವೂ ಚುಕ್ಕಿಯ ಮೇಲೇ!

ದುಬಾರಿ ಚೋಕ್‌ಗೆ ಕೊಟ್ಟ ದುಡ್ಡು ನೆನೆಸಿಕೊಂಡು ಹೊಟ್ಟೆ ಉರಿಯುತ್ತಿದೆ.

ಕೊಲಂಬಸ್ ಕಿಟ್ಟಿ
ಎಸೆಯಬೇಡಿ. ಬೇರೆ ವ್ಯಾಡ್ ಇರುವ ತೋಟಾಗೆ ಅದೇ ಚೋಕ್ ಚೆನ್ನಾಗಿ ಹೊಡೆಯಬಹುದು. ಜಾತಕ!

ಸೋಮವಾರಪೇಟೆ ಈಡುಗಾರ
ಒಂದು ಕಿತ್ತಳೆ ನಿಮಗೆ.

ಬಾಕ್ಸ್‌ಕಾಲ್ ಭಾರತಿ
ತುಂಬಾ ಖುಷಿ ಆಯಿತು. ಇನ್ನೊಂದು ಕೆಲಸ ಬಾಕಿ ಇದೆ. 10 ಗಜ, 15 ಗಜ, 20 ಗಜಕ್ಕೂ ಒಂದೊಂದು ಕಾಗದ ಹೊಡೆದು ನೋಡಿ. 40ಕ್ಕೆ ತಟ್ಟೆಯಷ್ಟಿರುವುದು ಹತ್ತಿರದಲ್ಲಿ ಎಷ್ಟಿರುತ್ತದೆ ಎಂದು ಕಣ್ಣಲ್ಲಿ ನೋಡಬೇಕು. ಕರೆ ಚೆನ್ನಾಗಿದ್ದರೆ ಹಕ್ಕಿ ಮಡಿಲಿಗೇ ಬಂದು ನಿಲ್ಲುತ್ತದೆ.

ಓಝಾರ್ಕ್ ಅಲೆಮಾರಿ
ಅಷ್ಟು ಹತ್ತಿರದಲ್ಲಿ ತಪ್ಪುವುದುಂಟಾ ಅಕ್ಕ? ತೋಟಾ ಎರಡೇ ಉಳಿದಿವೆ, ಕಾಡಿಗೆ ಇಟ್ಟುಕೊಳ್ಳುತ್ತೇನೆ.

ಬಾಕ್ಸ್‌ಕಾಲ್ ಭಾರತಿ
ನಿಮ್ಮಿಷ್ಟ. ಇನ್ನೊಂದು ಮಾತು. ಕೆಂಪು, ಬಿಳಿ, ನೀಲಿ ಬಣ್ಣದ ಏನನ್ನೂ ಮೈಮೇಲೆ ಹಾಕಿಕೊಳ್ಳಬೇಡಿ, ಕರವಸ್ತ್ರ ಕೂಡ. ಗಂಡು ಟರ್ಕಿಯ ತಲೆಯ ಬಣ್ಣಗಳು ಅವೇ. ಪೊದೆಯ ಆಚೆ ಇನ್ನೊಬ್ಬ ಬೇಟೆಗಾರ ಇರುತ್ತಾನೆ. ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂರಿ.

ಡಲ್ಲಾಸ್ ಡೊಣ್ಣೆಮೆಣಸು
ಹಕ್ಕಿ ಸಿಕ್ಕರೆ ಅಡುಗೆ ಹೇಗೆ? ಕೋಳಿ ಸಾರಿನ ಹಾಗೆ ಮಾಡಬಹುದಾ?

ಸೋಮವಾರಪೇಟೆ ಈಡುಗಾರ
ಎದೆ ಬೇರೆ, ಕಾಲು ಬೇರೆ. ಎದೆ ತೆಳ್ಳಗೆ ಹೆಚ್ಚಿ ಕರಿಮೆಣಸು ಹಾಕಿ ಬೇಗ ಹುರಿದು ಇಳಿಸಿ, ಜಾಸ್ತಿ ಬೆಂದರೆ ಹಗ್ಗ ಆಗುತ್ತದೆ. ಕಾಲಿನ ತುಂಬಾ ನರ, ಸಣ್ಣ ಉರಿಯಲ್ಲಿ ಮೂರು ಗಂಟೆ. ಪಂದಿ ಕರಿಯ ಮಸಾಲೆ, ಕೊನೆಗೆ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ). ತಿನ್ನುವ ಮುಂಚೆ ಚರೆ ಹುಡುಕಿ ತೆಗೆಯಿರಿ. ಸೀಸ ಹೊಟ್ಟೆಗೂ ಒಳ್ಳೆಯದಲ್ಲ, ಹಲ್ಲಿಗೂ ಅಲ್ಲ.

ಟೆಕ್ಸಾಸ್ ತಿಮ್ಮ
ಟಂಗ್‌ಸ್ಟನ್ ಕಚ್ಚಿದರೆ ಹಲ್ಲೇ ಹೋಗುತ್ತದೆ. ಅನುಭವದ ಮಾತು.

ಹಿಟ್ಟಿನ ಮುದ್ದೆ
ಹಕ್ಕಿಯ ಶಾಪ.

ಓಝಾರ್ಕ್ ಅಲೆಮಾರಿ
ಸೀಸನ್ ಶುರುವಾಗಿ ಎರಡನೇ ದಿನ. ಬೆಳಗ್ಗೆ ಆರೂವರೆ. ಓಕ್ ಮರಕ್ಕೆ ಒರಗಿ ಕೂತಿದ್ದೆ. ಎರಡು ಸಲ ಕರೆದೆ, ಗುಡ್ಡದ ಆಚೆಯಿಂದ ಗುಡುಗಿದ ಹಾಗೆ ಉತ್ತರ ಬಂತು. ಆಮೇಲೆ ನಲವತ್ತು ನಿಮಿಷ ಸದ್ದೇ ಇಲ್ಲ. ಎಡಕ್ಕೆ ನೋಡಿದರೆ ಹಕ್ಕಿ ಅಲ್ಲೇ ನಿಂತಿದೆ, ಬಾಲ ಬಿಚ್ಚಿಕೊಂಡು. ಆಮೇಲೆ ಅಳೆದಾಗ ಗೊತ್ತಾಯಿತು, 14 ಗಜ.

ಕೆಂಪು ಚುಕ್ಕಿ ತಲೆಯ ಮೇಲಿತ್ತು. ಈಡು ಹೊಡೆದೆ. ಹಕ್ಕಿ ಒಮ್ಮೆ ನನ್ನನ್ನು ನೋಡಿತು. ಆಮೇಲೆ ಓಡಿತು.

ಬಾಕ್ಸ್‌ಕಾಲ್ ಭಾರತಿ
ಹಿಂದೆ ಮರ ಇತ್ತಾ?

ಓಝಾರ್ಕ್ ಅಲೆಮಾರಿ
ಇತ್ತು ಅಕ್ಕ. ತೊಗಟೆಯಲ್ಲಿ ಗುಂಡಗೆ ಒಂದು ಗುಳಿ. ಅಳೆದೆ, ಅಡ್ಡಕ್ಕೆ ಮೂರು ಇಂಚು. ಹಕ್ಕಿ ಕತ್ತು ಹಿಂದಕ್ಕೆ ಎಳೆದುಕೊಂಡಿತು, ಅಷ್ಟರಲ್ಲಿ ಎಲ್ಲವೂ ಪಕ್ಕದಲ್ಲಿ ಹೋಗಿವೆ.

ಗಣಿತದ ಮೇಷ್ಟ್ರು
ಮೂರು ಇಂಚಿನಲ್ಲಿ ಸುಮಾರು 298 ಚರೆ. ದಾಖಲೆ ಪ್ಯಾಟರ್ನ್.

ಟೆಕ್ಸಾಸ್ ತಿಮ್ಮ
ನಾನಾಗಿದ್ದರೆ ಅದು 58 ಗಜಕ್ಕೆ ಹೋಗುವ ತನಕ ಕಾಯುತ್ತಿದ್ದೆ.

ಪೆನ್ಸಿಲ್ವೇನಿಯಾ ಪಾಪಣ್ಣ
ಅಲೆಮಾರಿ, ಒಂದು ತೋಟಾ ಉಳಿದಿದೆಯಲ್ಲ?

ಓಝಾರ್ಕ್ ಅಲೆಮಾರಿ
ಇದೆ ಸರ್. ನಾಳೆ ಬೆಳಗ್ಗೆ ಅದನ್ನು ಕಾಗದಕ್ಕೆ ಹೊಡೆಯುತ್ತೇನೆ. 15 ಗಜಕ್ಕೆ. ವಾಪಸ್ ಬರುವಾಗ ಅಂಗಡಿಯಲ್ಲಿ ಇನ್ನೊಂದು ಪೆಟ್ಟಿಗೆ. ಹೆಂಡತಿಗೆ ಇನ್ನೂ ಹೇಳಿಲ್ಲ.